ಮಗು ಬರುವ ಮುನ್ನ ಮನೆಯ ಲೆಕ್ಕ

ಮನೆಗೆ ಮಗು ಬರುವುದು ಎಲ್ಲರಿಗೂ ಸಂತೋಷದ ಸಂಗತಿ. ಆದರೆ ನೋವು ಶುರುವಾದ ಮೇಲೆ ಹಣಕ್ಕಾಗಿ ಓಡಾಡುವ ಗಂಡ, ಕೈಬಳೆ ಬಿಚ್ಚಿ ಕೊಡುವ ಅತ್ತೆ ಅಥವಾ ತಾಯಿ ಆಸ್ಪತ್ರೆಗಳಲ್ಲಿ ಆಗಾಗ ಕಾಣಸಿಗುತ್ತಾರೆ. ಹೆರಿಗೆಯು ಹೇಳದೆ ಕೇಳದೆ ಬರುವ ಕಾಯಿಲೆಯಲ್ಲ. ಏಳೆಂಟು ತಿಂಗಳು ಮೊದಲೇ ಗೊತ್ತಾಗುವ ಖರ್ಚು. ಬ್ಯಾಡರಹಳ್ಳಿ, ಹೇರೋಹಳ್ಳಿ, ಸುಂಕದಕಟ್ಟೆಯ ಸುತ್ತ ಗಾರ್ಮೆಂಟ್ಸ್, ಕಾರ್ಖಾನೆ, ಆಟೊ, ಕಟ್ಟಡ ಕೆಲಸ ನಂಬಿದ ಕುಟುಂಬಗಳಿಗೆ ಈ ಏಳೆಂಟು ತಿಂಗಳೇ ದೊಡ್ಡ ಆಸ್ತಿ.

1. ಸಾಲ ಮತ್ತು ಉಳಿತಾಯ

ಹೆರಿಗೆಗೆಂದು 20,000 ರೂ. ಕೈಸಾಲವನ್ನು ನೂರಕ್ಕೆ 3 ರೂ. ಬಡ್ಡಿಗೆ ತಂದರೆ ತಿಂಗಳಿಗೆ 600 ರೂ., ವರ್ಷಕ್ಕೆ 7,200 ರೂ. ಬಡ್ಡಿಯೇ ಆಗುತ್ತದೆ. ಅಸಲು ಹಾಗೆಯೇ ಉಳಿಯುತ್ತದೆ. ಅದೇ ಎರಡನೇ ತಿಂಗಳಿನಿಂದ ತಿಂಗಳಿಗೆ 2,000 ರೂ. ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ಇಟ್ಟರೆ ಏಳು ತಿಂಗಳಲ್ಲಿ 14,000 ರೂ. ಕೈಯಲ್ಲಿರುತ್ತದೆ. ಈ ಹಣವನ್ನು ಚೀಟಿಗೆ ಹಾಕಬೇಡಿ. ಬೇಕಾದ ದಿನ ಕೈಗೆ ಸಿಗದಿರಬಹುದು.

2. ಕೆಲಸ ಬಿಡುವ ಮೊದಲು ವಿಚಾರಿಸಿ

ಗರ್ಭಿಣಿಯಾದೊಡನೆ ರಾಜೀನಾಮೆ ಕೊಟ್ಟು ಪಿ.ಎಫ್. ಹಣ ತೆಗೆದುಕೊಳ್ಳುವ ಹೆಣ್ಣುಮಕ್ಕಳಿದ್ದಾರೆ. ಇದು ದೊಡ್ಡ ನಷ್ಟ. ಇ.ಎಸ್.ಐ. ಇರುವ ಮಹಿಳೆಗೆ ನಿಗದಿತ ದಿನಗಳ ವಂತಿಗೆ ಕಟ್ಟಿದ್ದರೆ, ಮೊದಲ ಎರಡು ಮಕ್ಕಳಿಗೆ 26 ವಾರಗಳ ಹೆರಿಗೆ ಭತ್ಯೆ ಪೂರ್ಣ ವೇತನದ ಲೆಕ್ಕದಲ್ಲಿ ಸಿಗುತ್ತದೆ. ತಿಂಗಳಿಗೆ 14,000 ರೂ. ವೇತನವಿದ್ದರೆ ಇದು ಸುಮಾರು 84,000 ರೂ. ಆಗುತ್ತದೆ. ಗಂಡನಿಗೆ ಮಾತ್ರ ಇ.ಎಸ್.ಐ. ಇದ್ದರೂ ಹೆಂಡತಿಗೆ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯಲು ಅವಕಾಶವಿದೆ. ಕಟ್ಟಡ ಕಾರ್ಮಿಕರು ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿದ್ದರೆ ಅಲ್ಲಿನ ಹೆರಿಗೆ ಸಹಾಯಧನದ ಬಗ್ಗೆ ವಿಚಾರಿಸಿ.

3. ಹಣ ಕೊಡದೆ ಸಿಗುವುದು

* ಸರ್ಕಾರಿ ಆಸ್ಪತ್ರೆಗಳಲ್ಲಿ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸಹಜ ಹೆರಿಗೆ, ಸಿಸೇರಿಯನ್, ಔಷಧ, ಪರೀಕ್ಷೆ, ರಕ್ತ, ಊಟ ಎಲ್ಲವೂ ಉಚಿತ.
* ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಅರ್ಹ ತಾಯಂದಿರಿಗೆ ಮೊದಲ ಮಗುವಿಗೆ 5,000 ರೂ., ಎರಡನೆಯದು ಹೆಣ್ಣು ಮಗುವಾದರೆ 6,000 ರೂ. ಸಿಗುತ್ತದೆ. ಅಂಗನವಾಡಿಯಲ್ಲಿ ಹೆಸರು ಬರೆಸಬೇಕು.
* ಬಿ.ಸಿ.ಜಿ., ಪೋಲಿಯೊ, ಪೆಂಟಾವೇಲೆಂಟ್, ದಡಾರ-ರುಬೆಲ್ಲಾ ಲಸಿಕೆಗಳು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ.

ಇವೆಲ್ಲಕ್ಕೂ ಕಾಗದಪತ್ರ ಬೇಕು. ಮೂರು ತಿಂಗಳೊಳಗೆ ತಾಯಿ ಕಾರ್ಡ್ ಮಾಡಿಸಿ. ಆಧಾರ್, ರೇಷನ್ ಕಾರ್ಡ್, ತಾಯಿಯ ಹೆಸರಿನ ಪಾಸ್‌ಬುಕ್ ಒಂದೇ ಚೀಲದಲ್ಲಿಡಿ. ಹೆಸರಿನ ಅಕ್ಷರ ಎಲ್ಲದರಲ್ಲೂ ಒಂದೇ ರೀತಿ ಇದೆಯೇ ನೋಡಿಕೊಳ್ಳಿ. ಮಗು ಹುಟ್ಟಿದ 21 ದಿನದೊಳಗೆ ಜನನ ನೋಂದಣಿ ಮಾಡಿಸಿದರೆ ಶುಲ್ಕವಿಲ್ಲ.

4. ಎಲ್ಲಿ ಉಳಿಸಬಾರದು, ಎಲ್ಲಿ ಉಳಿಸಬೇಕು

ಹಣ ಸಾಲದಾದಾಗ ಮನೆಯಲ್ಲಿ ಮೊದಲು ಕಡಿಮೆಯಾಗುವುದು ಸಾಮಾನ್ಯವಾಗಿ ಸೊಸೆಯ ತಟ್ಟೆಯ ಊಟ. ಹೀಗೆ ಮಾಡಬೇಡಿ. ರಕ್ತಹೀನತೆಯಿದ್ದರೆ ಹೆರಿಗೆಯ ವೇಳೆ ರಕ್ತಸ್ರಾವವಾದಾಗ ತಾಯಿಯ ಜೀವಕ್ಕೇ ಅಪಾಯ. ರಾಗಿ, ಕಾಳು, ಸೊಪ್ಪು, ಹಾಲು, ಕಡಲೆಕಾಯಿ-ಬೆಲ್ಲ ದುಬಾರಿ ಆಹಾರವಲ್ಲ. ಕಬ್ಬಿಣಾಂಶದ ಮಾತ್ರೆಗಳು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುತ್ತವೆ. ವೈದ್ಯರು ಹೇಳಿದ ರಕ್ತಪರೀಕ್ಷೆ, ಸ್ಕ್ಯಾನಿಂಗ್‌ಗಳನ್ನೂ ತಪ್ಪಿಸಬೇಡಿ.

ಉಳಿಸಬೇಕಾದದ್ದು ಆಡಂಬರದಲ್ಲಿ. ಸೀಮಂತ, ನಾಮಕರಣವನ್ನು ಮನೆಮಂದಿಯೊಂದಿಗೆ ಸರಳವಾಗಿ ಮಾಡಿದರೆ ಶಾಸ್ತ್ರಕ್ಕೆ ಕೊರತೆಯಿಲ್ಲ. ಮೊದಲ ಆರು ತಿಂಗಳು ಮಗುವಿಗೆ ತಾಯಿಯ ಹಾಲೇ ಸಾಕು, ನೀರೂ ಬೇಡ. ವೈದ್ಯರು ಹೇಳದ ಹೊರತು ಡಬ್ಬಿ ಹಾಲು ಕೊಳ್ಳಬೇಡಿ.

5. ಮುಂದಿನ ವರ್ಷಗಳಿಗೆ

ಹೆಣ್ಣು ಮಗುವಿಗೆ ಹತ್ತು ವರ್ಷ ತುಂಬುವ ಮೊದಲು ಸುಕನ್ಯಾ ಸಮೃದ್ಧಿ ಖಾತೆ ತೆರೆಯಬಹುದು. ವರ್ಷಕ್ಕೆ ಕನಿಷ್ಠ 250 ರೂ. ಕಟ್ಟಬೇಕು. ತಿಂಗಳಿಗೆ 250 ರೂ. ಕಟ್ಟಿದರೆ 15 ವರ್ಷಕ್ಕೆ ಅಸಲೇ 45,000 ರೂ., ಬಡ್ಡಿ ಬೇರೆ. 18 ವರ್ಷದ ನಂತರ ಓದಿಗಾಗಿ ಅರ್ಧದವರೆಗೆ ತೆಗೆಯಬಹುದು. ಗಂಡು ಮಗುವಿಗೆ ಅಂಚೆ ಕಚೇರಿಯ ಆರ್.ಡಿ. ಖಾತೆ ತೆರೆಯಿರಿ.

ಎರಡು ಹೆರಿಗೆಗಳ ನಡುವೆ ಮೂರು ವರ್ಷಗಳ ಅಂತರವಿದ್ದರೆ ತಾಯಿಯ ದೇಹವೂ ಚೇತರಿಸಿಕೊಳ್ಳುತ್ತದೆ, ಮನೆಯ ಗಳಿಕೆಯೂ ಚೇತರಿಸಿಕೊಳ್ಳುತ್ತದೆ. ಇದರ ವಿಧಾನಗಳನ್ನು ಬಾಣಂತಿಯನ್ನು ಮನೆಗೆ ಕರೆದೊಯ್ಯುವ ಮೊದಲೇ ಗಂಡ ಹೆಂಡತಿ ಇಬ್ಬರೂ ಕೂಡಿ ವೈದ್ಯರಲ್ಲಿ ಕೇಳಿ ತಿಳಿಯಿರಿ.

ಇಂದು ರಾತ್ರಿಯೇ ಒಂದು ಹಾಳೆಯಲ್ಲಿ ಮನೆಯ ಆದಾಯ, ಬಾಡಿಗೆ, ದಿನಸಿ, ಹಳೆಯ ಸಾಲ ಬರೆದು ನೋಡಿ. ಮುಂದಿನ ತಪಾಸಣೆಗೆ ಬರುವಾಗ ಆ ಹಾಳೆಯನ್ನೂ ತನ್ನಿ. ಹೆರಿಗೆಗೆ ಎಷ್ಟು ಖರ್ಚಾದೀತು ಎಂದು ಆಸ್ಪತ್ರೆಯ ಕೌಂಟರಿನಲ್ಲಿ ಮೊದಲೇ ಕೇಳಲು ಸಂಕೋಚ ಬೇಡ.