‘ನಮ್ಮ ಕಡೆಯ ಶಾಲೆ, ಇಲ್ಲಿಯ ಶಾಲೆ’: ವಲಸೆ ಪೋಷಕರ ಹೋಲಿಕೆಗಳು ಮತ್ತು ಏಳನೇ ತರಗತಿಯ ಒಂದು ವಿಜ್ಞಾನ ಪಾಠ

ಬಿ.ಇಡಿ. ಎರಡನೇ ವರ್ಷದ ಶಾಲಾ ಇಂಟರ್ನ್‌ಶಿಪ್‌ಗೆ ನನಗೆ ಸಿಕ್ಕಿದ್ದು ದೊಡ್ಡಬಳ್ಳಾಪುರ ತಾಲ್ಲೂಕಿನ ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದ ಆಸುಪಾಸಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಏಳರವರೆಗೆ ತರಗತಿಗಳಿವೆ. ದೊಡ್ಡಬಳ್ಳಾಪುರಕ್ಕೆ ಮೊದಲಿನಿಂದಲೂ ಮಗ್ಗದ ಕೆಲಸಕ್ಕೆ ಹಿಂದೂಪುರದ ಕಡೆಯಿಂದ ಜನ ಬರುತ್ತಿದ್ದರು. ಈಗ ಸಿದ್ಧ ಉಡುಪಿನ ಕಾರ್ಖಾನೆಗಳಿಗೆ, ಗೋದಾಮುಗಳಿಗೆ, ಕಟ್ಟಡದ ಕೆಲಸಕ್ಕೆ ಬಿಹಾರ, ಒಡಿಶಾ, ಉತ್ತರ ಪ್ರದೇಶಗಳಿಂದಲೂ ಕುಟುಂಬಗಳು ಬಂದಿವೆ. ಹೀಗಾಗಿ ನನ್ನ ಏಳನೇ ತರಗತಿಯಲ್ಲಿ ಕನ್ನಡ, ತೆಲುಗು, ಉರ್ದು, ಹಿಂದಿ, ಒಡಿಯಾ ಮಾತನಾಡುವ ಮಕ್ಕಳಿದ್ದರು.

ಕ್ರಿಯಾ ಸಂಶೋಧನೆಗೆ ನಾನು ಮೊದಲು ಆಯ್ದುಕೊಂಡಿದ್ದು ‘ವಿಜ್ಞಾನ ಪದಗಳ ಗ್ರಹಿಕೆ’ ಎಂಬ ವಿಷಯ. ಆದರೆ ಮಕ್ಕಳನ್ನು ಕರೆದೊಯ್ಯಲು ಬರುವ ಪೋಷಕರು ಗೇಟಿನ ಬಳಿ ಕೇಳುತ್ತಿದ್ದ ಪ್ರಶ್ನೆಗಳು ಬೇರೆಯೇ ಇದ್ದವು. “ಟೀಚರ್, ನಮ್ಮ ಊರಿನ ಶಾಲೆಗಿಂತ ಇದು ಚೆನ್ನಾಗಿದೆಯಾ?” ಎಂದು ಅವರು ನೇರವಾಗಿ ಕೇಳುವುದಿಲ್ಲ. ಅಲ್ಲಿ ಹೀಗಿತ್ತು, ಇಲ್ಲಿ ಹೀಗೇಕೆ ಎನ್ನುತ್ತಾರೆ. ಮಾರ್ಗದರ್ಶಿ ಶಿಕ್ಷಕರ ಅನುಮತಿ ಪಡೆದು ಒಂಬತ್ತು ಪೋಷಕರೊಂದಿಗೆ ಮಾತನಾಡಿದೆ, ಹೆಚ್ಚಾಗಿ ಭಾನುವಾರ, ಏಕೆಂದರೆ ಕಾರ್ಖಾನೆಗೆ ರಜೆ ಇರುವುದು ಅಂದೇ. (ನಮ್ಮ ಪೋಷಕರ ಸಭೆಗಳು ವಾರದ ನಡುವೆ ಹನ್ನೊಂದು ಗಂಟೆಗೆ ನಡೆಯುತ್ತವೆ. ಬಾರದ ಪೋಷಕರಿಗೆ ಆಸಕ್ತಿ ಇಲ್ಲ ಎಂದು ಬರೆಯುವ ಮೊದಲು ಅವರ ಪಾಳಿಯ ಸಮಯ ನೋಡುವುದು ಒಳ್ಳೆಯದು.)

ಪೋಷಕರು ಏನನ್ನು ಹೋಲಿಸುತ್ತಾರೆ?

ಊಟದ ವಿಷಯದಲ್ಲಿ ಹೆಚ್ಚು ಹೇಳಬೇಕಿಲ್ಲ. ನಮ್ಮಲ್ಲಿ 2013ರ ಆಗಸ್ಟ್ 1ರಿಂದ ಕ್ಷೀರಭಾಗ್ಯದ ಹಾಲು, 2024ರಿಂದ ರಾಗಿ ಮಾಲ್ಟ್, ಅದೇ ವರ್ಷದಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಲ್ಲಿ ವಾರದ ಆರು ದಿನ ಮೊಟ್ಟೆ, ಬೇಡವೆಂದವರಿಗೆ ಬಾಳೆಹಣ್ಣು ಇವೆ. ಊಟದಲ್ಲಿ ಇಲ್ಲಿಯ ಶಾಲೆಯೇ ಮೇಲು ಎಂದು ಎಲ್ಲರೂ ಒಪ್ಪಿದರು. ಧರ್ಮಪುರಿಯಿಂದ ಬಂದ ಒಬ್ಬರು ಮಾತ್ರ ತಮಿಳುನಾಡಿನಲ್ಲಿ ಬೆಳಗಿನ ತಿಂಡಿಯನ್ನೂ ಕೊಡುತ್ತಾರೆ ಎಂದರು. ಅದು ನಿಜ, 2022ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಆ ಯೋಜನೆ ಆರಂಭವಾಯಿತು.

ಹಿಂದೂಪುರದ ಕಡೆಯ ನೇಕಾರರೊಬ್ಬರ ಹೋಲಿಕೆ ಕಟ್ಟಡ ಮತ್ತು ಇಂಗ್ಲಿಷಿನದು. ಆಂಧ್ರದಲ್ಲಿ 2019ರ ನಂತರ ‘ಮನ ಬಡಿ ನಾಡು–ನೇಡು’ ಯೋಜನೆಯಡಿ ಶಾಲೆಗಳಿಗೆ ಶೌಚಾಲಯ, ನೀರು, ಬಣ್ಣ, ಬೆಂಚು ಬಂದವು. ಪಠ್ಯಪುಸ್ತಕದ ಒಂದು ಪುಟ ಇಂಗ್ಲಿಷಿನಲ್ಲಿ, ಎದುರು ಪುಟ ತೆಲುಗಿನಲ್ಲಿ ಮುದ್ರಣವಾಯಿತು. “ಅಲ್ಲಿ ಪುಸ್ತಕ ತೆರೆದರೆ ಎರಡೂ ಕಾಣುತ್ತಿತ್ತು ಮೇಡಂ, ಇಲ್ಲಿ ಮಗನ ಪುಸ್ತಕದಲ್ಲಿ ಏನಿದೆಯೋ ನನಗೆ ತಿಳಿಯಲ್ಲ” ಎಂದರು. ತೆಲುಗು ಮತ್ತು ಕನ್ನಡ ಲಿಪಿಗಳು ಅಕ್ಕತಂಗಿಯರಂತಿದ್ದರೂ ಅವರ ಮಾತಿನಲ್ಲಿ ನ್ಯಾಯವಿದೆ. ಕರ್ನಾಟಕದಲ್ಲಿಯೂ 2019–20ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆಯಲಾಯಿತು. ಆದರೆ ನಾನಿದ್ದ ಶಾಲೆಯಲ್ಲಿ ಅಂತಹ ವಿಭಾಗ ಇರಲಿಲ್ಲ. ಆ ನೇಕಾರರ ಓಣಿಯಲ್ಲೇ ‘ಇಂಗ್ಲಿಷ್ ಮೀಡಿಯಂ’ ಎಂದು ದೊಡ್ಡ ಫಲಕ ಹಾಕಿದ ಖಾಸಗಿ ಶಾಲೆಯಿದೆ. ನಮ್ಮ ಶಾಲೆ ನಿಜವಾಗಿ ಸ್ಪರ್ಧಿಸುತ್ತಿರುವುದು ಹಿಂದೂಪುರದ ಸರ್ಕಾರಿ ಶಾಲೆಯೊಂದಿಗಲ್ಲ, ಆ ಫಲಕದೊಂದಿಗೆ ಎಂದು ನನಗನ್ನಿಸಿತು.

ಸೈಕಲ್ಲಿನ ಮಾತು ತೆಗೆದವರು ಬಿಹಾರದ ಒಬ್ಬ ತಾಯಿ. ಬಿಹಾರದಲ್ಲಿ 2006ರಲ್ಲಿ ಒಂಬತ್ತನೇ ತರಗತಿಯ ಹೆಣ್ಣುಮಕ್ಕಳಿಗೆ ಸೈಕಲ್ ಯೋಜನೆ ಬಂತು. ಅವರ ತಂಗಿ ಅದರಲ್ಲೇ ಹೈಸ್ಕೂಲಿಗೆ ಹೋಗಿ ಮೆಟ್ರಿಕ್ ಮುಗಿಸಿದ್ದರು. ಕರ್ನಾಟಕದಲ್ಲೂ 2006–07ರಿಂದ ಎಂಟನೇ ತರಗತಿಯವರಿಗೆ ಸೈಕಲ್ ಕೊಡುತ್ತಿದ್ದರು, ಕೋವಿಡ್ ಕಾಲದಲ್ಲಿ ಅದು ನಿಂತಿತು. ಒಂದು ರಾಜ್ಯದಲ್ಲಿ ಒಂಬತ್ತಕ್ಕೆ, ಇನ್ನೊಂದರಲ್ಲಿ ಎಂಟಕ್ಕೆ ಏಕೆ ಎಂದು ನಾನು ಹಿಂದೆ ಯೋಚಿಸಿರಲಿಲ್ಲ. ಬಿಹಾರದಲ್ಲಿ ಆರರಿಂದ ಎಂಟು ಮಧ್ಯಮ ಶಾಲೆ, ಹೈಸ್ಕೂಲು ಆರಂಭವಾಗುವುದು ಒಂಬತ್ತರಿಂದ. ನಮ್ಮಲ್ಲಿ ಹೈಸ್ಕೂಲು ಎಂಟರಿಂದಲೇ. ಆ ತಾಯಿಗೆ ಇದು ಗೊತ್ತಿರಲಿಲ್ಲ. ಏಳು ಮುಗಿದ ಕೂಡಲೇ ಮಗಳು ಈ ಶಾಲೆ ಬಿಡಬೇಕು ಎಂದಾಗ ಅವರು ಗಾಬರಿಯಾದರು. “ಇನ್ನೊಂದು ವರ್ಷ ಇಲ್ಲೇ ಇರುತ್ತಾಳೆ ಅಂದುಕೊಂಡಿದ್ದೆ” ಎಂದರು. ಹೊರ ರಾಜ್ಯದ ಪೋಷಕರಿಗೆ ದಾಖಲಾತಿಯ ದಿನವೇ ಹೇಳಬೇಕಾದ ವಿಷಯ ಇದು. ನಮ್ಮಲ್ಲಿ ಯಾರೂ ಹೇಳುವುದಿಲ್ಲ, ಏಕೆಂದರೆ ನಮಗೆ ಇದು ಸಹಜವಾಗಿ ಗೊತ್ತಿರುತ್ತದೆ.

ರಾಜ್ಯದ ಸರಾಸರಿ ಮತ್ತು ಒಂದು ಮಗು

ರಾಜ್ಯ ರಾಜ್ಯಗಳನ್ನು ಹೋಲಿಸುವ ಅಳತೆಗಳು ಇಲ್ಲವೆಂದಲ್ಲ. 2021ರ ನವೆಂಬರ್ 12ರಂದು 3, 5, 8, 10ನೇ ತರಗತಿಗಳಿಗೆ ರಾಷ್ಟ್ರೀಯ ಸಾಧನಾ ಸಮೀಕ್ಷೆ ನಡೆಯಿತು. 2024ರ ಡಿಸೆಂಬರ್ 4ರಂದು 3, 6, 9ನೇ ತರಗತಿಗಳಿಗೆ ‘ಪರಖ್’ ಸಮೀಕ್ಷೆ ನಡೆಯಿತು. ರಾಜ್ಯಗಳಿಗೆ ಶ್ರೇಣಿ ಕೊಡುವ ಸೂಚ್ಯಂಕವೂ ಇದೆ. ನಮ್ಮ ತರಗತಿಯಲ್ಲಿ ಇವುಗಳ ಬಗ್ಗೆ ಸೆಮಿನಾರು ಮಾಡಿದ್ದೇವೆ. ಆದರೆ ಇವು ಕೊಡುವುದು ರಾಜ್ಯದ ಅಥವಾ ಜಿಲ್ಲೆಯ ಸರಾಸರಿ. ಆಗಸ್ಟ್‌ನಲ್ಲಿ ರೈಲಿಳಿದು ಬಂದ ಮಗುವಿಗೆ ಯಾವ ತರಗತಿ, ಯಾವ ಭಾಷೆ, ಯಾವ ಪುಸ್ತಕ ಎಂಬುದಕ್ಕೆ ಅವುಗಳಲ್ಲಿ ಉತ್ತರವಿಲ್ಲ. ಕರ್ನಾಟಕ ಮೇಲಿರಲಿ ಕೆಳಗಿರಲಿ, ಆ ಮಗುವನ್ನು ಮೂರು ತರಗತಿ ಕೆಳಗೆ ಕೂರಿಸಿದರೆ ಆ ಮನೆಯವರ ಪಾಲಿಗೆ ಇದು ಕೆಟ್ಟ ರಾಜ್ಯ.

ಇದು ಊಹೆಯ ಮಾತಲ್ಲ. ಆ ತಾಯಿಯ ಮಗಳನ್ನು ಮೊದಲು ಕರೆದೊಯ್ದ ಶಾಲೆಯೊಂದರಲ್ಲಿ, ಕನ್ನಡ ಬಾರದ ಕಾರಣ ನಾಲ್ಕನೇ ತರಗತಿಗೆ ಸೇರಿಸಬಹುದು ಎಂದಿದ್ದರಂತೆ. ಹುಡುಗಿಗೆ ಹನ್ನೆರಡು ವರ್ಷ. ಒಂಬತ್ತು ವರ್ಷದವರ ನಡುವೆ ಕೂರಲು ಅವಳು ಒಪ್ಪಲಿಲ್ಲ. ಹಾಗಾದರೆ ಅಜ್ಜಿಯ ಬಳಿಗೇ ವಾಪಸು ಕಳುಹಿಸುವುದು, ಅಥವಾ ಮನೆಯಲ್ಲಿ ಚಿಕ್ಕ ತಮ್ಮನನ್ನು ನೋಡಿಕೊಂಡಿರಲಿ ಎಂದು ತಂದೆ ಹೇಳಿದ್ದರು. ನಮ್ಮ ಶಾಲೆಗೆ ಬಂದಾಗ ಅವರ ಕೈಯಲ್ಲಿ ವರ್ಗಾವಣೆ ಪತ್ರ ಇರಲಿಲ್ಲ.

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಕೆಲವು ಕಲಮುಗಳನ್ನು ನಾವು ಪರೀಕ್ಷೆಗೆ ಬಾಯಿಪಾಠ ಮಾಡಿರುತ್ತೇವೆ. ಅವು ಕೆಲಸಕ್ಕೆ ಬಂದಿದ್ದನ್ನು ನೋಡಿದ್ದು ಅಂದು. 4ನೇ ಕಲಮಿನ ಪ್ರಕಾರ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕು, ಇತರರ ಸಮಕ್ಕೆ ಬರಲು ವಿಶೇಷ ತರಬೇತಿ ಕೊಡಬೇಕು. 5ನೇ ಕಲಮು ರಾಜ್ಯದ ಒಳಗೆ ಅಥವಾ ಹೊರಗೆ ಶಾಲೆ ಬದಲಿಸುವ ಹಕ್ಕು ಕೊಡುತ್ತದೆ, ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ. ವಯಸ್ಸಿನ ದಾಖಲೆ ಇಲ್ಲವೆಂದೂ ನಿರಾಕರಿಸುವಂತಿಲ್ಲ ಎಂದು 14ನೇ ಕಲಮು ಹೇಳುತ್ತದೆ. ವರ್ಷದ ನಡುವೆ ಬಂದವರಿಗೂ ಪ್ರವೇಶವಿದೆ ಎನ್ನುವುದು 15ನೇ ಕಲಮು. ಮುಖ್ಯ ಶಿಕ್ಷಕರು ಹುಡುಗಿಯನ್ನು ಅಂದೇ ಏಳನೇ ತರಗತಿಗೆ ಸೇರಿಸಿಕೊಂಡರು. ಹಳೆಯ ಶಾಲೆಗೆ ಫೋನು ಮಾಡಿ ಯು-ಡೈಸ್ ಪೋರ್ಟಲ್‌ನಲ್ಲಿ ಅವಳ ಶಾಶ್ವತ ಶಿಕ್ಷಣ ಸಂಖ್ಯೆಯನ್ನು ಬಿಡುಗಡೆ ಮಾಡಿಸಲು, ಆಮೇಲೆ ನಮ್ಮ ಎಸ್‌ಎಟಿಎಸ್‌ನಲ್ಲಿ ಹೆಸರು ಏರಿಸಲು ಕೆಲವು ವಾರ ಹಿಡಿಯಿತು. ಆ ವಾರಗಳಲ್ಲಿ ಅವಳು ತರಗತಿಯಲ್ಲೇ ಇದ್ದಳು.

ಇನ್ನೊಂದು ವಿಷಯ. ಬಿಹಾರದಲ್ಲಿ ಶೈಕ್ಷಣಿಕ ವರ್ಷ ಏಪ್ರಿಲ್‌ನಲ್ಲೇ ತೆರೆಯುತ್ತದೆ, ನಮ್ಮಲ್ಲಿ ಮೇ ಕೊನೆಗೆ. ಸೇತುಬಂಧ ಮುಗಿದು ನಮ್ಮ ಪಾಠಗಳು ಓಡತೊಡಗುವುದು ಜೂನ್ ಕಳೆದ ಮೇಲೆ. ಲೆಕ್ಕ ಹಾಕಿದರೆ ಆಗಸ್ಟ್‌ನಲ್ಲಿ ಬಂದ ಹುಡುಗಿ ಹಿಂದೆ ಇರಲಿಲ್ಲ, ಒಂದೆರಡು ಘಟಕ ಮುಂದೇ ಇದ್ದಳು. ಅವಳ ಹಿಂದಿ ನೋಟು ಪುಸ್ತಕ ತರಿಸಿ ನೋಡಿದಾಗ ಇದು ಖಚಿತವಾಯಿತು. ‘ಅಸರ್’ ಸಮೀಕ್ಷೆಯವರು ಮಾಡುವಂತೆ ಎರಡನೇ ತರಗತಿ ಮಟ್ಟದ ಒಂದು ಪುಟ್ಟ ಕಥೆಯನ್ನು ಹಿಂದಿಯಲ್ಲಿ ಓದಿಸಿದೆ, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವ ಲೆಕ್ಕ ಕೊಟ್ಟೆ. ಎರಡನ್ನೂ ತಡೆಯಿಲ್ಲದೆ ಮಾಡಿದಳು. ಹೊರ ರಾಜ್ಯದ ಮಗುವಿನ ಪೂರ್ವಜ್ಞಾನವನ್ನು ಅದರ ಭಾಷೆಯಲ್ಲೇ ಪರೀಕ್ಷಿಸಲು ಹತ್ತು ನಿಮಿಷ ಸಾಕು. ಕನ್ನಡದಲ್ಲಿ ಪರೀಕ್ಷಿಸಿದರೆ ತಿಳಿಯುವುದು ಅದಕ್ಕೆ ಕನ್ನಡ ಬರುವುದಿಲ್ಲ ಎಂಬುದಷ್ಟೇ, ಅದು ಮೊದಲೇ ಗೊತ್ತಿತ್ತು.

ಅರಿಶಿನದ ಕಾಗದದ ಪಾಠ

ಘಟಕ ‘ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು’. ಹುಡುಗಿಯ ನೋಟಿನಲ್ಲಿ ‘ಅಮ್ಲ್, ಕ್ಷಾರ್, ಲವಣ್’ ಎಂದಿತ್ತು. ಪಾಠಯೋಜನೆಯಲ್ಲಿ ನಾನು ಕಪ್ಪುಹಲಗೆಯನ್ನು ಮೂರು ಅಂಕಣ ಮಾಡಿದೆ: ಪುಸ್ತಕದ ಕನ್ನಡ ಪದ, ಬೇರೆ ಭಾಷೆಯ ಪುಸ್ತಕದ ಪದ, ಮನೆಯಲ್ಲಿ ಹೇಳುವ ಪದ. ಆಮ್ಲ, ಲವಣ, ಸೂಚಕ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಪ್ರತ್ಯಾಮ್ಲ ಬೇರೆ, ತಟಸ್ಥೀಕರಣಕ್ಕೆ ಹಿಂದಿಯಲ್ಲಿ ‘ಉದಾಸೀನೀಕರಣ್’. ಈ ಪದ ಕೇಳಿ ನಮ್ಮ ಮಕ್ಕಳು ನಕ್ಕರು. ಆಮ್ಲಕ್ಕೆ ಉದಾಸೀನವೇ ಎಂದು ಒಬ್ಬ ಕೇಳಿದ. ಆ ಪದವನ್ನು ಅವರು ಮರೆಯಲಾರರು.

ಅರಿಶಿನವನ್ನು ನೀರಿನಲ್ಲಿ ಕಲಸಿ ಕಾಗದಕ್ಕೆ ಹಚ್ಚಿ ಒಣಗಿಸಿ ಪಟ್ಟಿ ಮಾಡಿದೆವು. ಹುಣಸೆ ನೀರು, ನಿಂಬೆರಸ, ಸೋಪಿನ ನೀರು, ಅಡುಗೆ ಸೋಡಾ, ಸುಣ್ಣದ ತಿಳಿನೀರು ಐದು ಲೋಟಗಳಲ್ಲಿ. ಹುಣಸೆ, ನಿಂಬೆಗೆ ಪಟ್ಟಿ ಹಳದಿಯಾಗಿಯೇ ಉಳಿಯಿತು, ಸೋಪಿಗೂ ಸುಣ್ಣಕ್ಕೂ ಕೆಂಪಾಯಿತು. ಆರತಿ ತಟ್ಟೆಯ ಓಕುಳಿ ಏಕೆ ಕೆಂಪು ಎಂದು ಕೇಳಿದಾಗ ಕನ್ನಡದ ಮಕ್ಕಳು ಅರಿಶಿನಕ್ಕೆ ಸುಣ್ಣ ಹಾಕುತ್ತಾರೆ ಎಂದರು. ಬಿಹಾರದ ಹುಡುಗಿ, ಬಿಳಿ ಅಂಗಿಯ ಹಳದಿ ಕಲೆಗೆ ಸಾಬೂನು ಹಚ್ಚಿದರೆ ಕೆಂಪಾಗುತ್ತದೆ, ತೊಳೆದರೆ ಮತ್ತೆ ಹಳದಿ ಎಂದು ಹಿಂದಿಯಲ್ಲಿ ಹೇಳಿದಳು. ತೊಳೆದರೆ ಹಳದಿಗೆ ಮರಳುವುದನ್ನು ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಕೆಂಪಾದ ಪಟ್ಟಿಗೆ ನಿಂಬೆರಸ ಬಿಟ್ಟು ತೋರಿಸಿದೆ. ತಟಸ್ಥೀಕರಣಕ್ಕೆ ಅದೇ ಪೀಠಿಕೆಯಾಯಿತು.

ಇದೇ ಅರಿಶಿನ ಪಟ್ಟಿಯ ಚಟುವಟಿಕೆ ಎನ್‌ಸಿಇಆರ್‌ಟಿಯ ಹಿಂದಿ ಪುಸ್ತಕದಲ್ಲೂ ಇದೆ, ಚಿತ್ರಗಳೂ ಅವೇ. ನಮ್ಮ ವಿಜ್ಞಾನ ಪಠ್ಯ ಅದನ್ನೇ ಆಧರಿಸಿದ್ದು. ಹಿಂದಿ ಅಧ್ಯಾಯವನ್ನು ಮೊಬೈಲಿನಲ್ಲಿ ಇಳಿಸಿಕೊಂಡು ಅವಳ ಮೇಜಿನ ಮೇಲೆ ಇಟ್ಟೆ. ಮುಂದಿನ ಭಾನುವಾರ ತಾಯಿ ಬಂದಾಗ ಎರಡೂ ಪುಸ್ತಕಗಳನ್ನು ಅಕ್ಕಪಕ್ಕ ತೆರೆದು ತೋರಿಸಿದೆ. ಅವರು ಒಂದೇ ಚಿತ್ರವನ್ನು ಎರಡರಲ್ಲೂ ಬೆರಳಿಟ್ಟು ನೋಡಿದರು. “ತೋ ಪಢಾಯಿ ವಹೀ ಹೈ” ಎಂದರು, ಓದು ಅದೇ ಎಂದು. ಶಾಲೆ ಒಳ್ಳೆಯದೋ ಕೆಟ್ಟದೋ ಎಂದು ನಾನು ಹೇಳಿದ್ದರೆ ಅವರು ನಂಬುತ್ತಿದ್ದರೋ ಇಲ್ಲವೋ ಗೊತ್ತಿಲ್ಲ. ಪುಸ್ತಕಗಳನ್ನು ಅವರೇ ಹೋಲಿಸಿದರು.

ಕನ್ನಡ ಕಲಿಕೆ

ವಿಶೇಷ ತರಬೇತಿಗೆ ಸಮಯ ಎಲ್ಲಿಂದ ತರುವುದು ಎಂಬುದು ನಿಜವಾದ ಕಷ್ಟ. ದಿನಕ್ಕೊಂದು ಅವಧಿ ಅವಳು, ಒಡಿಯಾ ಹುಡುಗ ಮತ್ತು ನಾನು ವರಾಂಡದಲ್ಲಿ ಕುಳಿತೆವು. ಮೊದಲು ನಲಿ–ಕಲಿ ಕಾರ್ಡುಗಳನ್ನು ಬಳಸಿದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಆರಂಭವಾದ ಆ ಪದ್ಧತಿಯಲ್ಲಿ ‘ರ ಗ ಸ ದ ಅ’ ಕ್ರಮದಲ್ಲಿ ಅಕ್ಷರ ಬರುತ್ತವೆ. ಕನ್ನಡ ಮಾತನಾಡುವ ಆರು ವರ್ಷದ ಮಗುವಿಗೆ ಅದು ಸರಿ. ಈಗಾಗಲೇ ನಾಗರಿ ಓದುವ ಹನ್ನೆರಡರ ಹುಡುಗಿಗೆ ಹಳೆಯ ವರ್ಣಮಾಲೆಯೇ ಅನುಕೂಲ, ಏಕೆಂದರೆ ಕ್ರಮ ಅವಳಿಗೆ ಮೊದಲೇ ಗೊತ್ತು. ನಾಗರಿ ಬಾರಖಡಿಯ ಪಕ್ಕ ಕನ್ನಡ ಕಾಗುಣಿತ ಬರೆಸಿದೆ. ಎ–ಏ, ಒ–ಓ ವ್ಯತ್ಯಾಸ ಮತ್ತು ಳಕಾರ ಮಾತ್ರ ಅವಳಿಗೆ ಹೊಸವು. ಒಡಿಯಾದಲ್ಲಿ ಳಕಾರ ಇರುವುದರಿಂದ ಹುಡುಗ ಅದರಲ್ಲಿ ಗೆದ್ದ. ದೀಪಾವಳಿ ಹೊತ್ತಿಗೆ ಇಬ್ಬರೂ ನಿಧಾನವಾಗಿ ಒತ್ತಕ್ಷರ ಕೂಡಿಸಿ ಓದುತ್ತಿದ್ದರು. ಅರ್ಥ ಇನ್ನೂ ಹಿಂದೆ ಇತ್ತು.

ಒಂದೇ ಪದಕ್ಕೆ ಬೇರೆ ಅರ್ಥ ಇರುವುದರ ಬಗ್ಗೆ ಎಚ್ಚರ ಬೇಕು. ಹಿಂದಿಯ ‘ಶಿಕ್ಷಾ’ ಓದು, ನಮ್ಮ ಶಿಕ್ಷೆ ಬೇರೆ. ‘ಅವಕಾಶ್’ ಅವರಿಗೆ ರಜೆ. ಪ್ರತಿಭಾ ಕಾರಂಜಿಯಲ್ಲಿ ಭಾಗವಹಿಸಲು ಎಲ್ಲರಿಗೂ ಅವಕಾಶ ಎಂದು ಹೇಳಿ ಕಳುಹಿಸಿದ ದಿನ ಅವಳು ಮನೆಯಲ್ಲಿ ನಾಳೆ ರಜೆ ಎಂದು ಹೇಳಿದ್ದಳು.

ಮೂರನೇ ಭಾಷೆ ಹಿಂದಿಯ ಅವಧಿಯಲ್ಲಿ ಮಾತ್ರ ಪಾತ್ರ ಬದಲಾಗುತ್ತಿತ್ತು. ತರಗತಿಯ ಮಕ್ಕಳು ಅವಳ ಬೆಂಚಿನ ಸುತ್ತ ಸೇರುತ್ತಿದ್ದರು. ಹಿಂದಿ ಶಿಕ್ಷಕಿ ಅವಳಿಂದ ಗಟ್ಟಿಯಾಗಿ ಓದಿಸುತ್ತಿದ್ದರು.

ಈಗ ತಾಯಿಯ ಪ್ರಶ್ನೆ ಹೈಸ್ಕೂಲಿನದು. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 125 ಅಂಕ, ಉಳಿದ ಐದು ವಿಷಯಗಳಿಗೆ ತಲಾ 100, ಒಟ್ಟು 625 ಎಂದು ವಿವರಿಸಿದೆ. 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆಯಿಂದಾಗಿ ಯಾವ ಶಾಲೆಗೆ ಹೋದರೂ ಕನ್ನಡ ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಇದ್ದೇ ಇರುತ್ತದೆ ಎಂದೂ ಹೇಳಿದೆ. ಏಳರ ಆಗಸ್ಟ್‌ನಿಂದ ಹತ್ತರ ಮಾರ್ಚ್‌ವರೆಗೆ ಅವಳಿಗೆ ಕನ್ನಡ ಕಲಿಯಲು ಮೂರೂವರೆ ವರ್ಷ ಸಿಗುತ್ತದೆ. ತಂದೆ ಬೆರಳು ಮಡಚಿ ಲೆಕ್ಕ ಹಾಕಿದರು. ಊರಿಗೆ ಕಳುಹಿಸುವ ಮಾತು ಅಂದು ಬರಲಿಲ್ಲ. ಹೈಸ್ಕೂಲು ಎಷ್ಟು ದೂರ, ಬಸ್ಸು ಎಷ್ಟು ಗಂಟೆಗೆ, ಜೊತೆಗೆ ಹೋಗುವ ಹುಡುಗಿಯರು ಯಾರು ಎಂದು ಕೇಳಿದರು.

ಮೂರು ಅಂಕಣದ ಪದಪಟ್ಟಿಯನ್ನು ಮಾರ್ಗದರ್ಶಿ ಶಿಕ್ಷಕರಿಗೆ ಒಪ್ಪಿಸಿ ಬಂದಿದ್ದೇನೆ. ಉಷ್ಣ ಮತ್ತು ಆಮ್ಲದ ಘಟಕಗಳು ಮುಗಿದಿವೆ. ಬೆಳಕಿನ ಘಟಕದಲ್ಲಿ ‘ದರ್ಪಣ’ ಒಂದೇ ಪದ ಬರೆದಿದ್ದೇನೆ, ಒಡಿಯಾ ಅಂಕಣ ಬಹುಪಾಲು ಖಾಲಿ ಇದೆ. ಮುಂದಿನ ತಂಡದಲ್ಲಿ ಆ ಶಾಲೆಗೆ ಹೋಗುವವರು ಒಡಿಯಾ ಹುಡುಗನ ತಂದೆಯನ್ನು ಭಾನುವಾರ ಸಂಜೆ ಕಂಡರೆ ಅವರು ತುಂಬಿಸಿಕೊಡಲು ಒಪ್ಪಿದ್ದಾರೆ.