ಗ್ರಾಹಕರ ಕರಡು, ತಿದ್ದುವವರ ಮಾತು

ಗಡಿಭಾಗದ ಮುದ್ರಣಾಲಯಗಳಲ್ಲಿ, ಡಿಟಿಪಿ ಕೇಂದ್ರಗಳಲ್ಲಿ, ಅನುವಾದದ ಕೆಲಸದಲ್ಲಿ ತೊಡಗುವ ಕನ್ನಡ ಪದವೀಧರರ ಕೈಗೆ ಬಿಳಿಯ ಹಾಳೆ ಬರುವುದು ಅಪರೂಪ. ಬರುವುದು ಯಾರೋ ಆಗಲೇ ಬರೆದಿಟ್ಟ ಕರಡು: ಲಗ್ನಪತ್ರಿಕೆ, ಅಂಗಡಿಯ ಫಲಕ, ಸಹಕಾರಿ ಸಂಘದ ವರದಿ. ಬರೆದವರು ಬಹುಮಟ್ಟಿಗೆ ಅದನ್ನು ತಂದವರೇ. ಇಲ್ಲವೆ ಅವರ ಮನೆಯ ಹಿರಿಯರು, ಊರಿನ ನಿವೃತ್ತ ಮಾಸ್ತರರು. ಆದ್ದರಿಂದ ‘ಇದರಲ್ಲಿ ದೋಷವಿದೆ’ ಎಂಬ ನುಡಿ ಕಾಗದದ ಬಗೆಗಿನ ಮಾತಾಗಿ ಉಳಿಯದೆ ಮನುಷ್ಯರ ಬಗೆಗಿನ ಮಾತಾಗಿಬಿಡುತ್ತದೆ. ಕರಡು ತಿದ್ದುವ ವಿದ್ಯೆಗಿಂತ ತಿದ್ದಿದ್ದನ್ನು ತಿಳಿಸುವ ವಿದ್ಯೆ ಕಷ್ಟದ್ದು.

ಒಂದು ಉದಾಹರಣೆಯನ್ನು ನೋಡಬಹುದು. ಅಕ್ಕಲಕೋಟೆಯ ಮನೆತನವೊಂದು ಲಗ್ನಪತ್ರಿಕೆಯ ಕರಡಿನಲ್ಲಿ ‘ಆಗ್ರಹದ ಆಮಂತ್ರಣ’ ಎಂದು ಬರೆದು ತಂದಿದೆ ಎಂದಿಟ್ಟುಕೊಂಡರೆ, ಮರಾಠಿ ಬಲ್ಲವರಿಗೆ ಆ ಶಬ್ದದಲ್ಲಿ ಯಾವ ಕೊರತೆಯೂ ಕಾಣದು. ‘ಆಗ್ರಹಾಚೇ ನಿಮಂತ್ರಣ’ ಎಂದರೆ ಬರಲೇಬೇಕೆಂದು ಪ್ರೀತಿಯಿಂದ ಒತ್ತಾಯಿಸುವ ಕರೆ. ಊಟದ ಪಂಕ್ತಿಯಲ್ಲಿ ‘ಇನ್ನೊಂದು ಹೋಳಿಗೆ’ ಎಂದು ಬಡಿಸುವವರು ತೋರುವ ಆಗ್ರಹ ಅದು. ಕನ್ನಡದಲ್ಲಿ ಅದೇ ಶಬ್ದಕ್ಕೆ ಕೋಪವೆಂಬ ಅರ್ಥವಿದೆ. ಪತ್ರಿಕೆಗಳ ಭಾಷೆಯಲ್ಲಿ ಅದು ಹಕ್ಕೊತ್ತಾಯ. ಆಳಂದದ ಬೀಗರು ಈ ಪತ್ರಿಕೆಯನ್ನು ಓದಿದರೆ ಮೊದಲು ಬೆರಗಾಗುತ್ತಾರೆ, ಆಮೇಲೆ ನಗುತ್ತಾರೆ. ಮದುವೆಯ ಮನೆಗೆ ಆ ನಗು ಬೇಡ.

ಇಲ್ಲಿ ‘ಈ ಶಬ್ದ ತಪ್ಪು’ ಎಂದು ಹೇಳುವುದು ಒರಟು ಮಾತ್ರವಲ್ಲ, ಅರ್ಧ ಸುಳ್ಳು ಕೂಡ. ಶಬ್ದ ತನ್ನ ಮನೆಯಲ್ಲಿ ಸರಿಯಾಗಿಯೇ ಇದೆ. ಪಕ್ಕದ ಮನೆಗೆ ಬಂದಾಗ ಅರ್ಥ ಬದಲಿಸಿದೆ. ಆದಕಾರಣ ಮಾತು ಬರೆದವರನ್ನು ಬಿಟ್ಟು ಓದುವವರ ಕಡೆಗೆ ಹೊರಳಬೇಕು: “ಸಾಹೇಬರ, ಈ ಶಬ್ದ ನಮ್ಮ ಕಡೆ ಎಲ್ಲಾರಿಗೂ ತಿಳೀತದರೀ. ಆದ್ರ ಆಳಂದ, ಅಫಜಲಪುರ ಕಡೆ ಮಂದಿ ಇದನ್ನ ಸಿಟ್ಟು ಅಂತ ಓದ್ತಾರ. ‘ಪ್ರೀತಿಯ ಕರೆ’ ಅಂತ ಹಾಕಿದ್ರ ನಡೀತದೇನರೀ?” ಈ ಮಾತಿನಲ್ಲಿ ದೋಷ ಯಾರ ತಲೆಗೂ ಬರುವುದಿಲ್ಲ, ಬದಲಿ ಶಬ್ದ ಸಿದ್ಧವಾಗಿದೆ, ತೀರ್ಮಾನ ಗ್ರಾಹಕರ ಕೈಯಲ್ಲೇ ಉಳಿದಿದೆ. ಮಾತನ್ನು ಗ್ರಂಥಭಾಷೆಯಲ್ಲಿ ಆಡದೆ ಅವರ ಆಡುನುಡಿಯಲ್ಲಿ ಆಡುವುದೂ ಈ ಮರ್ಯಾದೆಯ ಭಾಗವೇ ಆಗಿದೆ.

ತಪ್ಪುಗಳ ಸಂಖ್ಯೆ ದೊಡ್ಡದಿದ್ದಾಗ ಸಮಸ್ಯೆ ಬೇರೆ ರೂಪ ತಾಳುತ್ತದೆ. ಹಳ್ಳಿಯ ವಿವಿಧ ಕಾರ್ಯಕಾರಿ ಸೇವಾ ಸೊಸೈಟಿಯೊಂದರ ಮರಾಠಿ ವರದಿಗೆ ಕನ್ನಡದ ರೂಪ ಸಿದ್ಧವಾಗಿ ಬಂದಾಗ, ಅದರಲ್ಲಿ ‘ಬೆಳೆ ಸಾಲ’ವು ‘ಬೇಳೆ ಸಾಲ’ವಾಗಿರಬಹುದು, ‘ಒಟ್ಟು’ ಎಂಬುದು ‘ಓಟ್ಟು’ ಆಗಿರಬಹುದು, ‘ಕೊಟ್ಟ’ ಎಂಬುದು ‘ಕೋಟ್ಟ’ ಆಗಿರಬಹುದು. ಪ್ರತಿಯೊಂದಕ್ಕೂ ಕೆಂಪು ಗೆರೆ ಎಳೆದು ಮರಳಿಸಿದರೆ ಪುಟವೆಲ್ಲ ಗಾಯಗೊಂಡಂತೆ ಕಾಣುತ್ತದೆ. ಆದರೆ ಇವೆಲ್ಲಕ್ಕೂ ಕಾರಣ ಒಂದೇ. ಮರಾಠಿಯ ದೇವನಾಗರಿಯಲ್ಲಿ ಹ್ರಸ್ವ ಎ, ಒ ಸ್ವರಗಳಿಗೆ ಪ್ರತ್ಯೇಕ ಅಕ್ಷರಗಳಿಲ್ಲ. ಆ ಲಿಪಿಯಲ್ಲಿ ಅಕ್ಷರ ಕಲಿತ ಕೈಗೆ ಕನ್ನಡದ ಎ-ಏ, ಒ-ಓ ಭೇದ ಸುಲಭವಾಗಿ ಒಗ್ಗುವುದಿಲ್ಲ. ಇಪ್ಪತ್ತು ತಪ್ಪುಗಳನ್ನು ಎಣಿಸಿ ಹೇಳುವ ಬದಲು ಈ ಒಂದು ಕಾರಣವನ್ನು ಹೇಳಿದರೆ ಬರೆದವರಿಗೆ ಅವಮಾನವೆನಿಸದು. ಮುಂದಿನ ವರ್ಷದ ಕರಡೂ ಹಸನಾಗುತ್ತದೆ.

ಮರಾಠಿಯಲ್ಲಿ ಓದಿದವರ ಕನ್ನಡವನ್ನು ಅಜ್ಞಾನವೆಂದು ಬಗೆಯುವವರು ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರನ್ನು ನೆನೆಯಬೇಕು. ಶಾಲೆಯಲ್ಲಿ ಮರಾಠಿ ಕಲಿತ ಅವರು 1974ರಲ್ಲಿ ಮಂಡ್ಯದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷೆಯಾದರು; ಆ ಪೀಠವೇರಿದ ಮೊದಲ ಮಹಿಳೆ ಅವರೇ.

ತಿದ್ದುವವರು ತಮ್ಮ ಕೈಯನ್ನು ತಡೆದುಕೊಳ್ಳಬೇಕಾದ ಸ್ಥಳಗಳೂ ಇವೆ. ‘ಸದಸ್ಯ’ರನ್ನು ‘ಸಭಾಸದ’ರೆನ್ನುವುದು, ಕಾಲೇಜಿನ ವಾರ್ಷಿಕೋತ್ಸವವನ್ನು ‘ಸ್ನೇಹ ಸಮ್ಮೇಳನ’ವೆನ್ನುವುದು ಈ ಸೀಮೆಯ ರೂಢಿ, ಬೆಂಗಳೂರಿನ ಪುಸ್ತಕದಲ್ಲಿ ಕಾಣಲಿಲ್ಲವೆಂದು ಅವನ್ನು ಅಳಿಸುವ ಅಧಿಕಾರ ಯಾರಿಗೂ ಇಲ್ಲ. ಕರ್ನಾಟಕದ ಬ್ಯಾಂಕುಗಳೆಲ್ಲ ನಿಸ್ಸಂಕೋಚವಾಗಿ ಬಳಸುವ ‘ಠೇವಣಿ’ಯೂ ಮರಾಠಿಯ ಕಡೆಯಿಂದಲೇ ಬಂದದ್ದು. ಹೊಸದಾಗಿ ಪದವಿ ಪಡೆದವರು ಎಡವುವುದು ಹೆಚ್ಚಾಗಿ ಇಲ್ಲಿಯೇ: ತಮ್ಮ ಅಭಿರುಚಿಯನ್ನು ವ್ಯಾಕರಣವೆಂದು ಸಾರುತ್ತಾರೆ, ಗ್ರಾಹಕರು ಮುನಿಸಿಕೊಳ್ಳುತ್ತಾರೆ, ಆಮೇಲೆ ನಿಜವಾದ ದೋಷವನ್ನು ಹೇಳಿದಾಗಲೂ ಕಿವಿಗೊಡುವುದಿಲ್ಲ.

ನಿಜವಾದ ದೋಷಕ್ಕೆ ಮಾತ್ರ ಮುಲಾಜು ಸಲ್ಲದು. ಮರಾಠಿಯ ‘ನಫಾ-ತೋಟಾ ಪತ್ರಕ’ವನ್ನು ಹಾಗೆಯೇ ಕನ್ನಡ ಲಿಪಿಗೆ ಇಳಿಸಿದರೆ, ಇಂಡಿಯಿಂದ ಸೊಸೆಯಾಗಿ ಬಂದು ಸೊಸೈಟಿಯ ಸದಸ್ಯೆಯಾದವಳು ನಷ್ಟದ ಜಾಗದಲ್ಲಿ ತೋಟವನ್ನು ಓದುತ್ತಾಳೆ. ‘ವಾರ್ಷಿಕ ಅಹವಾಲು’ ಎಂಬ ತಲೆಬರಹ ಅವಳಿಗೆ ವರದಿಯಾಗಿ ಕಾಣದೆ ದೂರಿನ ಅರ್ಜಿಯಾಗಿ ಕಾಣುತ್ತದೆ. ಇದು ಅವಳ ಹಣದ ಲೆಕ್ಕ. ಇಂಥ ಎರಡು ಮಾತುಗಳನ್ನು ಮೊದಲೇ, ಸ್ಪಷ್ಟವಾಗಿ, ಅಧ್ಯಕ್ಷರೊಬ್ಬರೇ ಇರುವಾಗ ಹೇಳಬೇಕು; ಸಂಚಾಲಕರೆಲ್ಲ ಕುಳಿತ ಸಭೆಯಲ್ಲಿ ಹೇಳಬಾರದು. ಹೊಗಳಿಕೆಯ ಉದ್ದನೆಯ ಪೀಠಿಕೆಯೂ ಬೇಡ. ಪೇಟೆಯಲ್ಲಿ ನುರಿತ ಜನ ಪೀಠಿಕೆ ಉದ್ದವಾದಷ್ಟೂ ಬಿಲ್ಲು ದೊಡ್ಡದೆಂದು ಊಹಿಸುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ.

ಬಿಲ್ಲಿನ ಮಾತೂ ಮೊದಲೇ ಆಗಬೇಕಾದದ್ದು. ಕಾಗುಣಿತ ತಿದ್ದಲು ಬಂದ ಕರಡನ್ನು ಕೇಳದೆ ಪುನಃ ಬರೆದುಕೊಟ್ಟರೆ ಅದು ಉಪಕಾರವೆನಿಸುವುದಿಲ್ಲ. ಕೆಲಸ ಎಲ್ಲಿಯವರೆಗೆ ಎಂಬುದನ್ನು ಕೇಳಿಕೊಂಡು, ಅದರ ಆಚೆಗೆ ಕಂಡದ್ದನ್ನು ಬೇರೆ ಚೀಟಿಯಲ್ಲಿ ಬರೆದಿಡುವುದು ವಾಸಿ. ಮಹಾರಾಷ್ಟ್ರದಲ್ಲಿ ಸಹಕಾರಿ ಸಂಘಗಳ ವಾರ್ಷಿಕ ಸಭೆ ಸಾಮಾನ್ಯವಾಗಿ ಸೆಪ್ಟೆಂಬರ್ 30ರೊಳಗೆ ನಡೆಯಬೇಕಾಗಿರುವುದರಿಂದ ವರದಿಗಳೆಲ್ಲ ಒಂದೇ ಸುಗ್ಗಿಯಲ್ಲಿ ಮುದ್ರಣಕ್ಕೆ ಬರುತ್ತವೆ. ಆ ಗಡಿಬಿಡಿಯಲ್ಲಿ ಬಾಯಿಮಾತು ಮರೆತುಹೋಗುತ್ತದೆ. ಚೀಟಿಯಲ್ಲಿ ಮೂರು ಸಂಗತಿಗಳಿದ್ದರೆ ಸಾಕು: ಬದಲಿಸಿದ ಶಬ್ದಗಳು, ಗ್ರಾಹಕರ ಇಚ್ಛೆಯಂತೆ ಹಾಗೆಯೇ ಉಳಿಸಿದ ಶಬ್ದಗಳು, ಇನ್ನೂ ಕೇಳಬೇಕಾದ ಅಂಕಿಗಳು. ಅದನ್ನು ಕೊನೆಯ ಪ್ರೂಫಿಗೆ ಲಗತ್ತಿಸಿ, ಅದರ ಮೇಲೆ ಅಧ್ಯಕ್ಷರ ಸಹಿ ಪಡೆದ ಬಳಿಕವೇ ಪುಟಗಳನ್ನು ಯಂತ್ರಕ್ಕೆ ಕಳುಹಿಸತಕ್ಕದ್ದು.