87 ಪರ್ಸೆಂಟ್ ಮ್ಯಾಚ್ ಅಂದರೇನು?

ಪ್ರಶ್ನೆ: ನನ್ನ ತಂಗಿ ಮನೆಯಲ್ಲೇ ಕೂತು ಇಂಗ್ಲಿಷಿನಿಂದ ಕನ್ನಡಕ್ಕೆ ಕೈಪಿಡಿಗಳನ್ನು ಅನುವಾದ ಮಾಡುತ್ತಾಳೆ. ಬಿಲ್ ಕಳಿಸಿದರೆ ‘ಈ ಸಾಲುಗಳು 87 ಪರ್ಸೆಂಟ್ ಮ್ಯಾಚ್’ ಎಂದು ಅರ್ಧ ದುಡ್ಡು ಹಾಕುತ್ತಾರೆ. ಗೂಗಲ್ ಮಾಡಿದ್ದನ್ನು ಇವಳ ಕೈಲಿ ತಿದ್ದಿಸುತ್ತಿದ್ದಾರೆಯೇ?
– ಓದುಗರು, ತಿಪಟೂರು

ಉತ್ತರ: ಪರ್ಸೆಂಟ್ ಕಾಣುತ್ತಿದೆ ಎಂದರೆ ಬಹುಮಟ್ಟಿಗೆ ಅದು ಗೂಗಲ್ ಅಲ್ಲ. ಗೂಗಲ್ ಟ್ರಾನ್ಸ್‌ಲೇಟ್‌ನಂಥದ್ದು (ಕನ್ನಡ ಅದಕ್ಕೆ ಸೇರಿದ್ದು 2011ರಲ್ಲಿ) ತಾನೇ ವಾಕ್ಯ ಕಟ್ಟಿಕೊಡುತ್ತದೆ. ಅಂಥ ಸಾಲಿಗೆ ಸಾಮಾನ್ಯವಾಗಿ ‘ಎಂಟಿ’ (ಮಷೀನ್ ಟ್ರಾನ್ಸ್‌ಲೇಶನ್) ಎಂಬ ಗುರುತು ಇರುತ್ತದೆ. ನಿಮ್ಮ ತಂಗಿಯ ತಂತ್ರಾಂಶದಲ್ಲಿರುವುದು ಟ್ರಾನ್ಸ್‌ಲೇಶನ್ ಮೆಮೊರಿ, ಅನುವಾದಕರ ಬಾಯಲ್ಲಿ ‘ಟಿಎಂ’. ಅದಕ್ಕೆ ಅನುವಾದ ಬರುವುದಿಲ್ಲ, ನೆನಪು ಮಾತ್ರ ಗಟ್ಟಿ. ಹಿಂದೆ ಯಾರೋ ಮಾಡಿದ ಅನುವಾದವನ್ನು ಮೂಲವಾಕ್ಯದೊಂದಿಗೆ ಜೋಡಿ ಮಾಡಿ ಇಟ್ಟುಕೊಂಡಿರುತ್ತದೆ. ಹೊಸ ವಾಕ್ಯ ಬಂದ ಕೂಡಲೇ ಅದನ್ನು ಹೋಲುವ ಹಳೆಯದನ್ನು ಹುಡುಕಿ ಮುಂದಿಡುತ್ತದೆ. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ 1984ರಲ್ಲಿ ಶುರುವಾದ ಟ್ರಾಡೋಸ್ ಇಂಥ ತಂತ್ರಾಂಶಗಳಲ್ಲಿ ಹೆಸರಾದದ್ದು.

ಇನ್ನು 87ರ ಲೆಕ್ಕ. ಮಿಕ್ಸಿಯ ಹಳೆಯ ಕೈಪಿಡಿಯಲ್ಲಿ ‘ಪ್ರೆಸ್ ದ ರೆಡ್ ಬಟನ್ ಬಿಫೋರ್ ಓಪನಿಂಗ್ ದ ಲಿಡ್’ ಎಂದಿತ್ತು ಅನ್ನಿ. ಹೊಸದರಲ್ಲಿ ‘ಬಿಫೋರ್’ ಹೋಗಿ ‘ಆಫ್ಟರ್’ ಬಂದಿದೆ. ಎಂಟು ಪದಗಳಲ್ಲಿ ಏಳು ಹಾಗೇ ಇವೆ, ಹಾಗಾಗಿ ಸುಮಾರು 87. (ಲೆಕ್ಕದ ರೀತಿ ಒಂದೊಂದು ತಂತ್ರಾಂಶಕ್ಕೂ ಕೊಂಚ ಬೇರೆ.) ಈಗ ಕನ್ನಡ ನೋಡಿ. ‘ಮುಚ್ಚಳ ತೆಗೆಯುವ ಮುನ್ನ ಕೆಂಪು ಬಟನ್ ಒತ್ತಿ’ ಎಂಬುದು ‘ಮುಚ್ಚಳ ತೆಗೆದ ಮೇಲೆ ಕೆಂಪು ಬಟನ್ ಒತ್ತಿ’ ಎಂದಾಗಬೇಕು. ಕ್ರಿಯಾಪದದ ರೂಪವೇ ಬದಲು. ಆರರಲ್ಲಿ ಎರಡು ಪದ ಹೊಸವು. ಕನ್ನಡದ ಕಡೆಯಿಂದ ಎಣಿಸಿದ್ದರೆ 67 ಬರುತ್ತಿತ್ತು. ಆದರೆ ಕನ್ನಡವನ್ನು ಯಾರೂ ಎಣಿಸುವುದಿಲ್ಲ, ಹೋಲಿಕೆ ನಡೆಯುವುದು ಇಂಗ್ಲಿಷಿನ ಕಡೆ. ನನಗೆ ತಕರಾರಿರುವುದು ಇಲ್ಲೇ. ಪೂರ್ತಿ ಹೊಸ ವಾಕ್ಯ ಬರೆಯುವುದಕ್ಕಿಂತ, ಎರಡು ವಾಕ್ಯ ಅಕ್ಕಪಕ್ಕ ಇಟ್ಟುಕೊಂಡು ಅಡಗಿ ಕೂತ ಒಂದು ‘ಆಫ್ಟರ್’ ಹಿಡಿಯುವುದಕ್ಕೇ ಕೆಲವು ಸಲ ಹೆಚ್ಚು ಹೊತ್ತು ಬೇಕು. ತಪ್ಪಿಸಿಕೊಂಡರೆ ಮಿಕ್ಸಿಯ ಚಟ್ನಿ ಗೋಡೆಗೆ.

100 ಪರ್ಸೆಂಟ್ ಎಂದರೂ ಕಣ್ಣು ಮುಚ್ಚಿ ಒಪ್ಪುವಂತಿಲ್ಲ. ‘ಓಪನ್’ ಎಂಬ ಒಂಟಿ ಪದ ಬಟನ್ ಮೇಲಿದ್ದರೆ ‘ತೆರೆಯಿರಿ’, ಅಂಗಡಿಯ ಹೆಸರಿನ ಕೆಳಗಿದ್ದರೆ ‘ತೆರೆದಿದೆ’. ಟಿಎಂ ಕಣ್ಣಿಗೆ ಎರಡೂ ಒಂದೇ.

ದರ ಕಡಿತ ಈ ಕಸುಬಿನಲ್ಲಿ ಇದ್ದದ್ದೇ. ಎಷ್ಟು ಪರ್ಸೆಂಟಿಗೆ ಎಷ್ಟು ಎಂಬ ಪಟ್ಟಿಯನ್ನು ಕೆಲಸ ಹಿಡಿಯುವ ಮೊದಲೇ ಕೇಳಿ ಪಡೆಯಲಿ. 75ಕ್ಕಿಂತ ಕೆಳಗಿನದನ್ನು ಹೊಸ ವಾಕ್ಯವೆಂದೇ ಎಣಿಸಿ ಪೂರ್ತಿ ದರ ಕೊಡುವ ರೂಢಿ ಸಾಕಷ್ಟು ಕಡೆ ಇದೆ. ಚೌಕಾಸಿ ಅಲ್ಲಿಂದ ಶುರುವಾಗಲಿ.

ಜೊತೆಗೆ ತನ್ನದೇ ಟಿಎಂ ಕಟ್ಟಿಕೊಳ್ಳಲಿ, ಕರಾರು ಅಡ್ಡಬರದಿದ್ದರೆ. ಒಮೇಗಾಟಿ ಎಂಬ ತಂತ್ರಾಂಶ ಉಚಿತ. ಅದರ ನೆನಪನ್ನು ‘ಟಿಎಂಎಕ್ಸ್’ ಫೈಲಾಗಿ ಬೇರೆ ತಂತ್ರಾಂಶಕ್ಕೂ ಒಯ್ಯಬಹುದು. ಎರಡು ವರ್ಷದ ಹಿಂದೆ ‘ಲಿಡ್’ಗೆ ತಾನು ಮುಚ್ಚಳ ಎಂದಿದ್ದೆನೋ ತಟ್ಟೆ ಎಂದಿದ್ದೆನೋ ಎಂಬ ಅನುಮಾನಕ್ಕೆ ಹಳೆಯ ಫೈಲು ಕೆದಕುತ್ತ ಕೂರುವುದು ತಪ್ಪುತ್ತದೆ.